ಮೊದಲ ಮುಷ್ಟಿ ದನಕ್ಕೆ

ಕೊಟ್ರೇಶ್ ಅಂಕಲ್ ಅವರ ಬಲಗೈಯ ಮೂರು ಬೆರಳುಗಳ ತುದಿ ಯಾವಾಗಲೂ ಕಿತ್ತಳೆ ಬಣ್ಣಕ್ಕಿರುತ್ತಿತ್ತು. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಗುರಿನ ಸಂದಿನಲ್ಲಿ ಆ ಬಣ್ಣ ಇನ್ನೂ ಗಾಢವಾಗಿತ್ತು. ಅಮೆರಿಕದ ಫೋರ್ಟ್ ಮಿಲ್ ಊರಿನ ನಮ್ಮ ಟೌನ್‌ಹೌಸಿಗೆ ಸಾಮಾನು ಇಳಿಸುತ್ತಿದ್ದ ದಿನ, ಪಕ್ಕದ ಮನೆಯಿಂದ ಬಂದು ಕೇಳದೆಯೇ ಸೋಫಾದ ಒಂದು ಮೂಲೆ ಹಿಡಿದುಕೊಂಡ ಆ ಕೈಯನ್ನೇ ನಾನು ಮೊದಲು ನೋಡಿದ್ದು. ನಮ್ಮ ಬಿಳಿ ಸೋಫಾದ ಗತಿ ಏನಾಗುತ್ತದೋ ಎಂದು ನನಗೆ ಆತಂಕ. ಅವರಿಗದು ತಿಳಿಯಿತು.

"ಹೆದರಬ್ಯಾಡವ್ವ, ಹತ್ತಂಗಿಲ್ಲ. ಇದು ಮೂವತ್ತು ವರ್ಷದ ಮದರಂಗಿ. ಸೋಪು ಸೋತೈತಿ," ಎಂದರು.

ಅಮೆರಿಕದಲ್ಲಿ ಪಕ್ಕದ ಮನೆಯವರು ಕನ್ನಡ ಮಾತಾಡುವುದು ಪುಣ್ಯ. ಅದರಲ್ಲೂ ದಾವಣಗೆರೆ ಕನ್ನಡವೆಂದರೆ ಕಿವಿಗೆ ಹಬ್ಬ. ನಾನು ಮೈಸೂರಿನವಳೆಂದು ತಿಳಿದ ಕ್ಷಣದಿಂದ ಅವರು ನನ್ನ ಹೆಸರನ್ನೇ ಮರೆತರು. ಅಲ್ಲಿಂದ ಮುಂದೆ ನಾನು 'ಮೈಸೂರಮ್ಮ'. ನನ್ನ ಗಂಡ ಹರೀಶನಿಗೆ ಮಾತ್ರ ಕಡೆಯವರೆಗೂ 'ಹರೀಶ್ ಅವರೇ' ಎಂಬ ಮರ್ಯಾದೆ.

ಬೆರಳಿನ ಬಣ್ಣ ಚೀಸ್ ಪುಡಿಯದು. ಫೋರ್ಟ್ ಮಿಲ್‌ನಿಂದ ಅರ್ಧ ಗಂಟೆಯ ಡ್ರೈವ್ ದೂರದಲ್ಲಿ, ಮೆಕ್ಕೆಜೋಳದ ಹಿಟ್ಟಿನಿಂದ ಚೀಸ್ ಕರ್ಲ್ಸ್ ಮಾಡುವ ಒಂದು ಹಳೆಯ ಕಾರ್ಖಾನೆಯಿತ್ತು. ಚೀಸ್ ಕರ್ಲ್ಸ್ ಎಂದರೆ ನಿಮಗೆ ಗೊತ್ತೇ ಇರುತ್ತದೆ. ಬಾಗಿದ ಬೆರಳಿನ ಗಾತ್ರದ, ಕಚ್ಚಿದರೆ ಕರಗಿಹೋಗುವ, ಕೈಯೆಲ್ಲ ಬಣ್ಣವಾಗುವ ತಿಂಡಿ. ಈ ದೇಶದಲ್ಲಿ ಅದಿಲ್ಲದೆ ಒಂದು ಬರ್ತ್‌ಡೇ ಪಾರ್ಟಿಯೂ ಆಗುವುದಿಲ್ಲ. ಅಂಕಲ್ ಅಲ್ಲಿ ಯಂತ್ರ ನೋಡಿಕೊಳ್ಳುವ ಎಂಜಿನಿಯರಾಗಿ ಸೇರಿದವರು, ಕೊನೆಗೆ ರುಚಿ ನೋಡುವವರಾಗಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಐದು ಜನ ಒಂದು ಮೇಜಿನ ಸುತ್ತ ಕೂತು, ಹಿಂದಿನ ದಿನ ಮಾಡಿದ ಸರಕನ್ನು ತಿಂದು, ಸರಿಯಿದೆ ಎಂದ ಮೇಲೆಯೇ ಅದು ಲಾರಿ ಹತ್ತಬೇಕು. ಆ ಮೇಜಿನಲ್ಲಿ ಮೊದಲ ಮಾತು ಅವರದು. ಅಲ್ಲಿನವರ ಬಾಯಲ್ಲಿ ಕೊಟ್ರೇಶ್ ಹೊರಳದೆ 'ಕೋಟ್' ಆಗಿಹೋಗಿತ್ತು.

"ಮೂರು ದಶಕ ಬೇಸಿಗಿ ಬಿಸಿಲಾಗೂ ಕೋಟು ನೋಡವ್ವ ನಾನು," ಎಂದು ನಗುತ್ತಿದ್ದರು.

ದಾವಣಗೆರೆಯಲ್ಲಿ ಅವರದು ಮಂಡಕ್ಕಿ ಭಟ್ಟಿಯ ಮನೆತನ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಆ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದು ಅರಳಿಸುವ ಕೆಲಸ. ಅವರಪ್ಪ ಹೊಗೆಯಲ್ಲಿ ಕಣ್ಣು ಮುಚ್ಚಿಕೊಂಡು, ಬಾಣಲೆಯ ಸದ್ದನ್ನೇ ಕೇಳಿ ಅಕ್ಕಿ ಅರಳಿತೋ ಸೀದುಹೋಯಿತೋ ಹೇಳುತ್ತಿದ್ದರಂತೆ. ಆ ಭಟ್ಟಿಯಲ್ಲಿ ಒಂದು ಪದ್ಧತಿಯಿತ್ತು. ದಿನದ ಮೊದಲ ಜರಡಿಯಿಂದ ಒಂದು ಮುಷ್ಟಿ ಮಂಡಕ್ಕಿ, ಭತ್ತ ಹೊತ್ತು ತಂದ ಗಾಡಿಯ ಎತ್ತುಗಳಿಗೆ. ಆಮೇಲೆ ಮನೆಯವರಿಗೆ, ಆಮೇಲೆ ಅಂಗಡಿಗೆ.

ಈ ಪದ್ಧತಿಯನ್ನು ಅವರು ಸಮುದ್ರ ದಾಟಿಸಿದ್ದು ನನಗೆ ತಿಳಿದದ್ದು ಮಾರ್ಚ್ ಮೊದಲ ವಾರದಲ್ಲಿ. ಅದು ೨೦೨೦. ಚೀನಾದ ಕಡೆ ಏನೋ ಕಾಯಿಲೆಯಂತೆ ಎಂದು ನಾವಿನ್ನೂ ಉದಾಸೀನವಾಗಿ ಮಾತಾಡುತ್ತಿದ್ದ ದಿನಗಳು. ಅಮೆರಿಕದವರಿಗೆ ಪ್ರತಿ ತಿಂಡಿಗೂ ಒಂದು ದಿನ ಬೇಕು, ಡೋನಟ್ಟಿಗೊಂದು, ಪ್ಯಾನ್‌ಕೇಕಿಗೊಂದು. ಚೀಸ್ ಕರ್ಲ್ಸಿಗೂ ಮಾರ್ಚಿನಲ್ಲಿ ಒಂದು ದಿನವಿದೆ. ಅಂಗಡಿಗಳು ಅಂದು ಒಂದಿಷ್ಟು ರಿಯಾಯಿತಿ ಕೊಟ್ಟು ಕೈ ತೊಳೆದುಕೊಳ್ಳುತ್ತವೆ. ಕೊಟ್ರೇಶ್ ಅಂಕಲ್ ಮಾತ್ರ ಅದನ್ನು ಹಬ್ಬ ಮಾಡುತ್ತಿದ್ದರು.

ಬೆಳಿಗ್ಗೆ ಎಂಟಕ್ಕೆ ಬಾಗಿಲು ತಟ್ಟಿದರು. ಕೈಯಲ್ಲೊಂದು ಕಾಗದದ ಚೀಲ. "ಬಾರವ್ವ ಮೈಸೂರಮ್ಮ, ದನದ ಪಾಲು ಕೊಟ್ಟು ಬರೋಣು."

ಚೀಲದಲ್ಲಿದ್ದದ್ದು ಚೀಸ್ ಹತ್ತದ ಕರ್ಲ್ಸ್. ಯಂತ್ರದಿಂದ ಹೊರಬಂದು, ಪುಡಿ ಮೆತ್ತುವ ಡ್ರಮ್ಮಿಗೆ ಹೋಗುವ ಮುಂಚಿನವು. ಬಿಳಿಚಿಕೊಂಡಿರುತ್ತವೆ, ಉಪ್ಪಿಲ್ಲ, ಕಾರವಿಲ್ಲ, ಬಾಯಿಗಿಟ್ಟರೆ ಗಾಳಿ ತಿಂದ ಹಾಗೆ. ಅಂಕಲ್ ಅವನ್ನು 'ಬೋಳು' ಎನ್ನುತ್ತಿದ್ದರು. ಊರಾಚೆಯ ಒಂದು ಹುಲ್ಲುಗಾವಲಿನ ಬೇಲಿಯ ಬಳಿ ಕಾರು ನಿಲ್ಲಿಸಿದರು. ಅದರ ಮುದುಕ ಯಜಮಾನ ಟ್ರ್ಯಾಕ್ಟರಿನ ಮೇಲಿಂದಲೇ ಕೈ ಬೀಸಿದ. ವರ್ಷ ವರ್ಷ ನೋಡಿದವನೆಂದು ಕಾಣುತ್ತದೆ. ಒಂದು ಕಂದು ಹಸು ತಾನಾಗಿ ಬೇಲಿಗೆ ಬಂತು. ಅಂಕಲ್ ಒಂದು ಮುಷ್ಟಿ, ಒಂದೇ ಮುಷ್ಟಿ, ಅದರ ಬಾಯಿಗೆ ಹಿಡಿದು, ಆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಆ ತಿಂಡಿಯ ಪುರಾಣ ಹೇಳಿದರು. "ಉತ್ತರದಾಗ ಹಾಲಿನ ಸೀಮೆ ಐತಲ್ಲ, ಅಲ್ಲೊಂದು ದನದ ಮೇವಿನ ಫ್ಯಾಕ್ಟ್ರಿ. ನನ್ನಜ್ಜನ ಕಾಲದ ಮಾತು. ಜೋಳ ಜಜ್ಜಿ ದನಕ್ಕೆ ಹಾಕೋರು. ಯಂತ್ರ ಕಟ್ಟಿಕೊಂಡೀತು ಅಂತ ನಡುನಡುವೆ ಒದ್ದಿ ಜೋಳ ಸುರೀತಿದ್ರು. ಯಂತ್ರದಾಗ ಬಿಸಿ, ಜೋಳದಾಗ ನೀರು. ಇನ್ನೇನಾಗ್ತೈತಿ? ನಮ್ಮ ಭಟ್ಟಿಯಾಗ ಆಗಿದ್ದೇ ಅಲ್ಲೂ ಆತು. ಅರಳು ಹೊರಗ ಬಂತು! ಎಲ್ಲಾರೂ ಕಸ ಅಂತ ಗುಡಿಸಿದ್ರು. ಒಬ್ಬ ಮಾತ್ರ ಚೀಲಕ್ಕ ತುಂಬಿ ಮನಿಗೊಯ್ದು ಉಪ್ಪು ಹಾಕಿ ತಿಂದ. ಆ ಪುಣ್ಯಾತ್ಮ ತಿನ್ನದಿದ್ರ ನನಗ ಈ ದೇಶದಾಗ ಕೆಲಸ ಇತ್ತೇನು?"

"ಎಲ್ಲಾ ಊರಲ್ಲೂ ಇಂಥ ಕಥೆ ಇರುತ್ತೆ ಅಂಕಲ್. ನಿಜ ಅಂತ ಏನ್ ಗ್ಯಾರಂಟಿ?" ಎಂದೆ. ನನ್ನ ಬಾಯಿ ಸುಮ್ಮನಿರುವುದಲ್ಲ.

"ದಕ್ಷಿಣದಾಗೂ ಒಬ್ಬರು ನಮ್ಮದೇ ಮೊದಲು ಅಂತಾರೆ. ಅನ್ನಲಿ. ಆದ್ರ ದನದ ಬಾಯಿಂದ ತಗೊಂಡಿದ್ದು ಅಂತ ಒಪ್ಪಿಕೊಳ್ಳೋ ಕಥಿ ಇದೊಂದೇ. ತಗೊಂಡ ಮ್ಯಾಲ ಒಂದು ಮುಷ್ಟಿ ವಾಪಸ್ ಕೊಡಬೇಕು. ಅಷ್ಟ."

ಅಂದು ಸಂಜೆ ಅವರ ಹಿತ್ತಲ ಡೆಕ್ಕಿನ, ಎಂದರೆ ಮರದ ಜಗಲಿಯ ಮೇಲೆ ಹತ್ತು ಹನ್ನೆರಡು ಜನ. ಪೇಪರ್ ಹಾಸಿ ಕರ್ಲ್ಸ್ ರಾಶಿ ಸುರಿದು, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಹುರಿಗಡಲೆ ಪುಡಿ ಹಾಕಿ, ನಿಂಬೆಹಣ್ಣು ಹಿಂಡಿ ಕಲಸಿದರು. ಜೊತೆಗೆ ಮೆಣಸಿನಕಾಯಿ ಬಜ್ಜಿ. ದಾವಣಗೆರೆಯ ಮಂಡಕ್ಕಿಗೆ ಹೇಗೋ ಹಾಗೆ. ನಾನು ಮೂಗು ಮುರಿಯುತ್ತಲೇ ಬಾಯಿಗಿಟ್ಟೆ. ಮೂರನೆಯ ಸಲ ಪೊಟ್ಟಣ ಒಡ್ಡಿದಾಗ ಅಂಕಲ್ ಹುಬ್ಬು ಹಾರಿಸಿದರು. ಕಾರ್ಖಾನೆಯ ರುಚಿಯ ಮೇಜಿನಲ್ಲಿ ಅವರ ಜೊತೆಗಾತಿ ಡೋರಿಸ್, ಅರವತ್ತು ದಾಟಿದ ದೊಡ್ಡ ನಗೆಯ ಕಪ್ಪು ಹೆಂಗಸು, ಬಜ್ಜಿಯ ಕಾರಕ್ಕೆ ಕಣ್ಣೀರು ಸುರಿಸುತ್ತಲೇ ನಾಲ್ಕನೆಯದನ್ನು ಕೈಗೆತ್ತಿಕೊಂಡಿದ್ದಳು. ಮುಂದಿನ ವಾರ ಊರೆಲ್ಲ ಬಾಗಿಲು ಹಾಕಿಕೊಂಡಿತು.

ಆ ವರ್ಷದ ಒಂಟಿತನವನ್ನು ನಾನು ಮರೆಯಲಾರೆ. ಹರೀಶ ಮೇಲಿನ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬಾಗಿಲು ಮುಚ್ಚಿದರೆ ಸಂಜೆ ಆರಕ್ಕೆ ತೆಗೆಯುವುದು. ನನ್ನದು ಡಿಪೆಂಡೆಂಟ್ ವೀಸಾ, ಕೆಲಸ ಮಾಡಲು ಪರ್ಮಿಟ್ ಇನ್ನೂ ಬಂದಿರಲಿಲ್ಲ. ಮೈಸೂರಿನಲ್ಲಿ ಕಾಲೇಜಿನ ಮೂರು ಸೆಕ್ಷನ್‌ಗೆ ಪಾಠ ಮಾಡುತ್ತಿದ್ದವಳು ಇಲ್ಲಿ ಪಾತ್ರೆಗಳಿಗೆ ಬುದ್ಧಿ ಹೇಳಿಕೊಂಡಿದ್ದೆ. ಸಂಜೆ ನಾಲ್ಕೂವರೆಗೆ ಅಂಕಲ್ ಅವರ ಕಾರು ಬಂದ ಸದ್ದಾದರೆ ಜೀವ ಬರುತ್ತಿತ್ತು. ಅವರು ತಮ್ಮ ಡೆಕ್ಕಿನಲ್ಲಿ, ನಾನು ನಮ್ಮದರಲ್ಲಿ, ನಡುವೆ ಆರಡಿ ಹುಲ್ಲು.

ಅವರ ಹೆಂಡತಿ ಗಿರಿಜಮ್ಮ ತೀರಿಕೊಂಡು ಆಗ ನಾಲ್ಕು ವರ್ಷ. ಮಗಳು ಸ್ಮಿತಾ ಅಟ್ಲಾಂಟಾದಲ್ಲಿ ನರ್ಸು. ಮನೆಯಲ್ಲಿ ಅವರು ಕೂತು ಊಟ ಮಾಡುತ್ತಿರಲಿಲ್ಲ. ಸಿಂಕಿನ ಮುಂದೆ ನಿಂತೇ ತಟ್ಟೆ ಖಾಲಿ ಮಾಡಿ, ಅಲ್ಲೇ ತೊಳೆದು ಕವುಚುತ್ತಿದ್ದರು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿತ್ತು. ಒಂದು ದಿನ ತಡೆಯಲಾರದೆ ಕೇಳಿದೆ.

"ಕೂತ್ರೆ ಎದುರಿಗಿನ ಕುರ್ಚಿ ಕಾಣ್ತೈತಿ," ಎಂದರು. ಮತ್ತೆ ಅವರೇ, "ಬೆಳಿಗ್ಗೆ ಹತ್ತಕ್ಕೆ ಮೇಜಿನ ಮುಂದೆ ಐದು ಮಂದಿ ಕೂತು ತಿಂತೀವಲ್ಲ, ನನಗದೇ ಊಟ. ಅವ್ರು ಆ ಕುರ್ಚಿ ಕಸಿದ್ರೆ ನನ್ನ ಕಥಿ ಮುಗೀತು ನೋಡು," ಎಂದರು. ನಗುತ್ತಲೇ ಹೇಳಿದ್ದರಿಂದ ನಾನೂ ನಕ್ಕೆ.

ಮರುವರ್ಷ ಜನವರಿಯಲ್ಲಿ ಅವರಿಗೆ ಕೋವಿಡ್ ಬಂತು. ಹತ್ತು ದಿನ ಬಾಗಿಲ ಹೊರಗೆ ಗಂಜಿ, ಸಾರು ಇಟ್ಟು ಬಂದೆ. ಎದ್ದರು, ಸೊರಗಿದ್ದರು, ಕೆಲಸಕ್ಕೂ ಹೋದರು. ಎಲ್ಲ ಸರಿಯಾಯಿತೆಂದುಕೊಂಡೆವು.

ಮಾರ್ಚಿನ ಹಬ್ಬಕ್ಕೆ ಆ ವರ್ಷ ನಾವಿಬ್ಬರೇ ಅತಿಥಿಗಳು. ಬೆಳಿಗ್ಗೆ ಹಸುವಿನ ಪಾಲು ಕೊಟ್ಟಾಗಿತ್ತು. ಸಂಜೆ ಅದೇ ಪೇಪರ್, ಅದೇ ರಾಶಿ. ನಾನೊಂದು ಹಿಡಿ ಬಾಯಿಗೆ ಹಾಕಿಕೊಂಡೆ. ಉಪ್ಪೆಂದರೆ ಉಪ್ಪು, ನಾಲಿಗೆ ಉರಿದು ಹೋಯಿತು. ಅಂಕಲ್ ಮಾತ್ರ ನಿಧಾನವಾಗಿ ಜಗಿಯುತ್ತ, "ಈ ಸಲ ಹದ ಕೂಡೈತಿ" ಎನ್ನುತ್ತಿದ್ದರು. ಹರೀಶ ಸೂಪರ್ ಎಂದ. ಅವನು ವಿಷ ಕೊಟ್ಟರೂ ಎದುರಿಗಿದ್ದವರಿಗೆ ಸೂಪರ್ ಎನ್ನುವ ಜಾತಿ.

"ಅಂಕಲ್, ಉಪ್ಪು ಎರಡು ಸಲ ಹಾಕ್ಬಿಟ್ಟಿದೀರ," ಎಂದೆ ನಾನು.

ಅವರ ದವಡೆ ನಿಂತಿತು. ಕೈಯಲ್ಲಿದ್ದ ಹಿಡಿಯನ್ನು ಪೇಪರಿನ ಮೇಲೆ ವಾಪಸಿಟ್ಟರು. ಹರೀಶ ಏನೋ ಫೋನ್ ಬಂತೆಂದು ಒಳಗೆ ಹೋದ ಮೇಲೆ, ತಗ್ಗಿದ ದನಿಯಲ್ಲಿ ಹೇಳಿದರು. "ಜನವರಿಯಿಂದ ವಾಸನೀನೂ ಇಲ್ಲ, ರುಚೀನೂ ಇಲ್ಲವ್ವ. ಎಲ್ಲಾ ಬೋಳೇ. ನಿನ್ನ ಸಾರೂ ಬೋಳು, ಬಜ್ಜೀನೂ ಬೋಳು."

"ಮತ್ತೆ ಆಫೀಸಲ್ಲಿ?"

"ಮೊದಲು ನಾನೇ ಮಾತಾಡ್ತಿದ್ದೆ. ಈಗ ಕಡೀಗೆ ಮಾತಾಡ್ತೀನಿ. ಡೋರಿಸ್ ಏನಂತಾಳೋ ಅದಕ್ಕ ಹೂಂ ಅಂತೀನಿ."

ಹೇಳಿಬಿಡಿ, ಕಾಯಿಲೆಯಿಂದ ಆದದ್ದಕ್ಕೆ ಯಾರೇನು ಅಂದಾರು ಎಂದು ನಾನು ಜೋರು ಮಾಡಿದೆ. ಅವರು ತಲೆಯಾಡಿಸಿದರು. "ಏನೂ ಅನ್ನಂಗಿಲ್ಲ. ಒಳ್ಳೇ ಮಂದಿ. ಬ್ಯಾರೆ ಕೆಲಸ ಕೊಡ್ತಾರೆ. ಆ ಮೇಜಿನ ಮುಂದ ಕೂರ್ಸಂಗಿಲ್ಲ, ಅಷ್ಟ." ಆ 'ಅಷ್ಟ'ದ ಭಾರ ನನಗೆ ಗೊತ್ತಿತ್ತು. ಸಿಂಕಿನ ಮುಂದೆ ನಿಂತ ಬೆನ್ನು ನೋಡಿದವಳು ನಾನು.

ಹಾಗಾಗಿ ಅಂಕಲ್ ಮತ್ತು ನಾನು ಸೇರಿ ಒಂದು ಕಳ್ಳ ಉಪಾಯ ಹೂಡಿದೆವು. ನೌಕರರಿಗೆ ಅಂದಂದಿನ ಸರಕಿನ ಸಣ್ಣ ಪೊಟ್ಟಣ ಮನೆಗೆ ಕೊಡುವ ರೂಢಿಯಿತ್ತು. ಮಾರನೆಯ ಬೆಳಿಗ್ಗೆ ಮೇಜಿನ ಮೇಲೆ ಬರುವುದೂ ಅದೇ ಸರಕು. ಅಂಕಲ್ ಸಂಜೆ ಮೂರು ಪೊಟ್ಟಣ ತರುವರು, ನಾನು ತಿಂದು ಹೇಳುವೆನು. ಮೊದಮೊದಲು ನನಗೆ ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬೆರಡೇ ಮಾತು ಗೊತ್ತಿದ್ದದ್ದು. ಅವರು ಕಲಿಸಿದರು. ಉಪ್ಪು ಮುಂದಕ್ಕೆ ಬರುತ್ತದೋ ಹಿಂದಕ್ಕೋ, ಚೀಸ್ ನಾಲಿಗೆಯ ಪಕ್ಕಕ್ಕೆ ಹುಳಿಯಾಗಿ ತಾಗುತ್ತದೋ, ನುಂಗಿದ ಮೇಲೆ ಗಂಟಲಲ್ಲಿ ಎಣ್ಣೆ ಕಹಿ ಉಳಿಯುತ್ತದೋ. ಎಣ್ಣೆ ಕಹಿ ದೊಡ್ಡ ಅಪರಾಧ. ಹಾಗೊಂದು ಮಾತು ಬಂದರೆ ಯಂತ್ರವನ್ನೇ ನಿಲ್ಲಿಸುತ್ತಾರೆ.

ಒಂದು ತಿಂಗಳಾಗುವಷ್ಟರಲ್ಲಿ ಅವರಿಗೆ ನನ್ನ ಮಾತೇ ಬೇಡವಾಯಿತು. ಹುಲ್ಲಿನಾಚೆಯಿಂದ ನನ್ನ ಮುಖ ನೋಡುತ್ತ ಕೂರುತ್ತಿದ್ದರು. "ತಡಿ, ಹೇಳಬ್ಯಾಡ. ಉಪ್ಪು ಒಂದು ಚೂರು ಹೆಚ್ಚು." ಸರಿಯಾಗಿರುತ್ತಿತ್ತು. ಹೇಗೆ ಎಂದರೆ, "ಉಪ್ಪು ಹೆಚ್ಚಾದ್ರ ನಿನ್ನ ಎಡಗಣ್ಣು ಸಣ್ಣಗಾಗ್ತೈತಿ. ಹುಳಿ ಆದ್ರ ಕಿವಿ ಹತ್ರ ಒಂದು ನರ ಕುಣೀತೈತಿ. ನಮ್ಮಪ್ಪ ಮರಳಿನ ಸದ್ದು ಕೇಳಿ ಹೇಳ್ತಿದ್ದ, ನಾನು ಮಾರಿ ನೋಡಿ ಹೇಳ್ತೀನಿ," ಎಂದರು. ಕಾರ್ಖಾನೆಯಲ್ಲಿ ರುಚಿಗಾರರ ನಡುವೆ ಪ್ಲಾಸ್ಟಿಕ್ ಗಾಜು ನಿಲ್ಲಿಸಿದ್ದರಂತೆ. ಅದರಾಚೆ ಡೋರಿಸಳ ಮುಖವನ್ನೂ ಹಾಗೇ ಓದುತ್ತಿದ್ದರು. ಮತ್ತೆ ಮೊದಲು ಮಾತಾಡತೊಡಗಿದರು.

ನನ್ನ ಮುಖವನ್ನು ಅಷ್ಟು ಗಮನವಿಟ್ಟು ಯಾರೂ ನೋಡಿರಲಿಲ್ಲ. ಹರೀಶ ಒಳ್ಳೆಯವನೇ, ಆದರೆ ನಾನು ಕೂದಲು ಕತ್ತರಿಸಿಕೊಂಡದ್ದು ಅವನಿಗೆ ತಿಳಿದದ್ದು ಮೂರನೆಯ ದಿನ. ದಿನದಲ್ಲಿ ಕಾಲು ಗಂಟೆ ನನ್ನ ನಾಲಿಗೆಗೆ ಒಂದು ಬೆಲೆಯಿದೆ, ನನ್ನ ಮುಖದಲ್ಲಿ ಒಂದು ಸಮಾಚಾರವಿದೆ ಎಂಬುದೇ ನನಗೆ ಸಾಕಾಗಿತ್ತು. ಮೋಸವೆಂದು ಗೊತ್ತಿದ್ದರೂ ಬಿಡಲು ಮನಸ್ಸಾಗಲಿಲ್ಲ.

ಮೇ ತಿಂಗಳ ಒಂದು ಬುಧವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಮೈಸೂರಿನಿಂದ ಅಣ್ಣ ಫೋನ್ ಮಾಡಿದ. ಅಲ್ಲಿ ಸರಿರಾತ್ರಿ ಕಳೆದ ಹೊತ್ತು. ಅಮ್ಮ ಕೋವಿಡ್ ಬಂದು ಎಂಟು ದಿನದಿಂದ ಆಸ್ಪತ್ರೆಯಲ್ಲಿದ್ದಳು. ಅಣ್ಣ ಎರಡೇ ಮಾತು ಹೇಳಿದ, ಅಮ್ಮ ಹೋದಳು. ವಿಮಾನವಿಲ್ಲ, ಹೋದರೆ ವೀಸಾ ಸ್ಟ್ಯಾಂಪ್ ಆಗಿ ವಾಪಸ್ ಬರುವ ನಂಬಿಕೆಯಿಲ್ಲ, ಹೋದರೂ ನೋಡಲು ಬಿಡುವುದಿಲ್ಲ. ಇವೆಲ್ಲ ನಾನು ಎಂಟು ದಿನವೂ ಯೋಚಿಸಿದ್ದೇ. ಫೋನ್ ಇಟ್ಟು ನಿಂತೆ. ಮೇಲಿನ ಕೋಣೆಯಲ್ಲಿ ಹರೀಶ ಇಂಗ್ಲಿಷಿನಲ್ಲಿ ಯಾರಿಗೋ ಏನೋ ವಿವರಿಸುತ್ತಿದ್ದ. ಹೊರಗೆ ಕಾರಿನ ಸದ್ದಾಯಿತು. ದಿನದ ಅಭ್ಯಾಸದಂತೆ ಕಾಲು ನನ್ನನ್ನು ಡೆಕ್ಕಿಗೆ ಕರೆದುಕೊಂಡು ಹೋಯಿತು.

ಪೊಟ್ಟಣ ತೆಗೆದುಕೊಂಡೆ. ಬಾಯಿಗೆ ಹಾಕಿಕೊಂಡೆ. ಏನು ತಿಂದೆನೋ ದೇವರಿಗೇ ಗೊತ್ತು. ಬಾಯಿಬಿಟ್ಟು ಹೇಳಿದರೆ ಅಮ್ಮ ಸತ್ತದ್ದು ನಿಜವಾಗಿಬಿಡುತ್ತದೆ ಎಂದು ಜಗಿಯುತ್ತಲೇ ಇದ್ದೆ. ಅಂಕಲ್ ಮುಂದಕ್ಕೆ ಬಾಗಿ ನೋಡುತ್ತಿದ್ದರು.

"ಕಹಿ ಐತೇನವ್ವ?"

ಹೂಂ ಎಂದು ತಲೆಯಾಡಿಸಿದೆ.

"ಭಾಳ?"

ಅದಕ್ಕೂ ತಲೆಯಾಡಿಸಿದೆ. ಅವರು ಪೊಟ್ಟಣದ ಮೇಲಿನ ಸರಕಿನ ನಂಬರ್ ಬರೆದುಕೊಂಡು ಅವಸರದಲ್ಲಿ ಒಳಗೆ ಹೋದರು. ಹರೀಶ ಆರಕ್ಕೆ ಇಳಿದು ಬಂದಾಗ ನಾನು ಅಲ್ಲೇ ಕೂತಿದ್ದೆನಂತೆ.

ಮರುದಿನ ಸಂಜೆ ಅಂಕಲ್‌ಗೆ ಹರೀಶ ವಿಷಯ ತಿಳಿಸಿದ. ಅಂಕಲ್ ಒಂದು ಪಾತ್ರೆ ಅನ್ನ, ಒಂದು ಪಾತ್ರೆ ಬೇಳೆ ಸಾರು ತಂದರು. ಜೊತೆಗೆ ಬೇರೆಯಾಗಿ ಉಪ್ಪಿನ ಡಬ್ಬಿ. "ಉಪ್ಪು ನೀವೇ ಹಾಕ್ಕೊಳ್ರಿ. ನನಗ ತಿಳಿಯಂಗಿಲ್ಲ," ಎಂದು ಮೇಜಿನ ಮೇಲಿಟ್ಟರು. ಆಮೇಲೆ ಮಾಸ್ಕ್ ಸರಿಮಾಡಿಕೊಂಡು ನನ್ನೆದುರು ಒಂದು ಗಂಟೆ ಕೂತಿದ್ದರು. ನಾನು ತುತ್ತು ಎತ್ತಿದಾಗ ನನ್ನ ಮುಖ ನೋಡಲಿಲ್ಲ, ಬೇರೆಡೆ ತಿರುಗಿಕೊಂಡರು.

ಆಮೇಲೆ ಪೊಟ್ಟಣಗಳು ಬರಲಿಲ್ಲ. ನಾನು ಕೇಳಿದಾಗ, "ನೀ ಮೊದಲು ಸುಧಾರಿಸ್ಕೊ," ಎಂದರು. ಇನ್ನೊಮ್ಮೆ ಕೇಳಿದಾಗ, ರುಚಿ ಸ್ವಲ್ಪ ವಾಪಸ್ ಬಂದೈತಿ, ನಿನಗ್ಯಾಕ ತ್ರಾಸು ಎಂದರು. ನಾನು ನಂಬಿದೆ. ನಂಬಲು ಅನುಕೂಲವಾಗಿತ್ತು, ಅದಕ್ಕೇ ನಂಬಿದೆ. ಬೇಸಿಗೆಯಲ್ಲಿ ಒಂದು ದಿನ ನೋಡಿದರೆ ಅವರ ಬೆರಳುಗಳು ಬೆಳ್ಳಗಾಗಿದ್ದವು. ಮೂವತ್ತು ವರ್ಷದ ಮದರಂಗಿ ಎಲ್ಲಿ ಹೋಯಿತೆಂದು ಕೀಟಲೆ ಮಾಡಿದೆ. ಹೊಸ ಸೋಪು ಎಂದರು.

ಅಕ್ಟೋಬರಿನಲ್ಲಿ ರಿಟೈರಾಗಿ ಮಗಳ ಮನೆಗೆ ಹೊರಟರು. ಸಾಮಾನು ಕಟ್ಟುವ ದಿನ ಡೋರಿಸ್ ಒಂದು ಡಬ್ಬಿ ಕೇಕ್ ಹಿಡಿದು ಬಂದಳು. ಅಂಕಲ್ ಯಾರಿಗೋ ಕುರ್ಚಿಗಳನ್ನು ಕೊಟ್ಟು ಬರಲು ಹೋಗಿದ್ದರು. ಕಾಯುತ್ತ ನಮ್ಮ ಡೆಕ್ಕಿನಲ್ಲಿ ಕೂತವಳು ನಿಟ್ಟುಸಿರಿಟ್ಟು ಶುರುಮಾಡಿದಳು. ಕೋಟ್‌ಗೆ ಹೀಗಾಗಬಾರದಿತ್ತು ಎಂದಳು. ಮೇ ತಿಂಗಳಲ್ಲಿ ಒಂದು ಗುರುವಾರ ಬಂದವನೇ, ಇನ್ನೂ ತಿನ್ನುವ ಮುಂಚೆಯೇ, ನಿನ್ನೆಯ ಸರಕಿನಲ್ಲಿ ಎಣ್ಣೆ ಕೆಟ್ಟಿದೆ ಎಂದ. ನಮಗೆ ಯಾರಿಗೂ ಹಾಗನ್ನಿಸಲಿಲ್ಲ. ಆದರೆ ಹೇಳಿದ್ದು ಕೋಟ್. ಅರ್ಧ ದಿನ ಯಂತ್ರ ನಿಲ್ಲಿಸಿದರು, ಎಣ್ಣೆಯನ್ನು ಲ್ಯಾಬಿಗೆ ಕಳಿಸಿದರು. ಏನೂ ಇರಲಿಲ್ಲ. ಮ್ಯಾನೇಜರ್ ಏನಾದರೂ ಕೇಳುವ ಮುಂಚೆ ಕೋಟ್ ತಾನೇ ಎದ್ದು ನಿಂತು, ನನಗೆ ಜನವರಿಯಿಂದ ನಾಲಿಗೆ ಇಲ್ಲ ಎಂದುಬಿಟ್ಟ. ಅಂದಿನಿಂದ ಕಡೆಯವರೆಗೆ ರಟ್ಟಿನ ಡಬ್ಬಗಳನ್ನು ಎಣಿಸುವ ಜಾಗದಲ್ಲಿದ್ದ. ಅಲ್ಲಿ ಅವನೊಬ್ಬನೇ.

"ಇಷ್ಟು ದಿನ ಹೇಗೆ ಹೇಳ್ತಿದ್ದೆ ಅಂತ ಯಾರೂ ಕೇಳಲಿಲ್ವಾ?" ಎಂದು ನಾನು ಇಂಗ್ಲಿಷಿನಲ್ಲಿ ತೊದಲಿದೆ.

ಕೇಳಿದರು. ಅಂದಾಜಿನ ಮೇಲೆ ಎಂದ. ಅಂದಾಜಿನ ಮೇಲೆ ಅಷ್ಟು ಸರಿಯಾಗಿ ಹೇಳಲು ಸಾಧ್ಯವೇ ಇಲ್ಲ, ಯಾರನ್ನೋ ಕಾಪಾಡುತ್ತಿದ್ದ ಎಂದಳು ಡೋರಿಸ್. ನನ್ನ ಮುಖ ನೋಡಿ ಕೇಕಿನ ಡಬ್ಬಿಯನ್ನು ನನ್ನ ಕಡೆ ಸರಿಸಿದಳು. ಮುಖ ಓದುವುದು ಅವಳಿಗೂ ಬರುತ್ತಿತ್ತೇನೋ.

ಗುರುವಾರದ ಹಿಂದಿನ ದಿನ ಬುಧವಾರ. ಲೆಕ್ಕ ಹಾಕಲು ನನಗೆ ಕ್ಯಾಲೆಂಡರ್ ಬೇಕಿರಲಿಲ್ಲ. ನನ್ನಮ್ಮನ ಸಾವನ್ನು ಆ ಮನುಷ್ಯ ಎಣ್ಣೆಯ ಕಹಿಯೆಂದು ಓದಿದ್ದರು. ನಾನು ಹೂಂ ಎಂದಿದ್ದೆ. ಅವರಿಗಿದ್ದದ್ದು ಒಂದೇ ಕುರ್ಚಿ. ಅದನ್ನು ಕಸಿದದ್ದು ಕಾರ್ಖಾನೆಯಲ್ಲ, ನಾನು. ಮೇಲಾಗಿ ಆ ಕುರ್ಚಿ ಹೋದ ದಿನವೇ ಅವರು ಅನ್ನ ಸಾರು ಮಾಡಿಕೊಂಡು ಬಂದು ನನ್ನೆದುರು ಕೂತಿದ್ದರು.

ಸಂಜೆ ಕಾರಿಗೆ ಕೊನೆಯ ಪೆಟ್ಟಿಗೆ ಇಡುತ್ತಿದ್ದಾಗ ಎದುರು ಹೋಗಿ ನಿಂತೆ. ಅಳಬಾರದೆಂದು ತೀರ್ಮಾನಿಸಿದ್ದೆ. ಅತ್ತೆ. "ಅಂಕಲ್, ಅವತ್ತು ನಾನು ತಿಂದಿದ್ದೇನು ಅಂತ್ಲೇ ಗೊತ್ತಿರ್ಲಿಲ್ಲ. ಸುಮ್ನೆ ತಲೆ ಆಡಿಸ್ಬಿಟ್ಟೆ. ಯಾಕೆ ನನ್ಗೆ ಹೇಳ್ಲಿಲ್ಲ ನೀವು?"

ಅವರು ಡಿಕ್ಕಿ ಮುಚ್ಚಿ, ಅದಕ್ಕೊರಗಿ ನಿಂತರು.

"ನಿನ್ನ ಮಾರಿ ನಾನು ತಪ್ಪು ಓದ್ಲಿಲ್ಲವ್ವ. ಕಹಿ ಇದ್ದಿದ್ದು ಖರೇನೇ ಅಲ್ಲೇನು? ಪೊಟ್ಟಣದಾಗ ಇರ್ಲಿಲ್ಲ, ಅಷ್ಟ. ಏನಾತವ್ವ ಅಂತ ಒಂದು ಮಾತು ಕೇಳಿದ್ರ ನೀ ಹೇಳ್ತಿದ್ದಿ. ನಾ ಕೇಳ್ಲಿಲ್ಲ. ನನಗ ನಾಳಿನ ಕುರ್ಚಿ ಚಿಂತಿ. ಹೆತ್ತವ್ವ ಹೋದ ಹೊತ್ನಾಗ ನಿನಗ ಚೀಸು ತಿನ್ನಿಸಿ ನಂಬರ್ ಬರಕೊಂಡು ಹೋದೆ. ತಪ್ಪು ಯಾರದು ನೀನೇ ಹೇಳು."

ಅವರು ಬೆಳ್ಳಗಾದ ಆ ಮೂರು ಬೆರಳನ್ನು ನನ್ನ ತಲೆಯ ಮೇಲೆ ಒಂದು ಕ್ಷಣ ಇಟ್ಟು, ಕಾರು ಹತ್ತಿದರು. ಅದೇ ಕೊನೆಯ ಭೇಟಿ.

ಫೋನಿನಲ್ಲಿ ಮಾತಾಡುತ್ತಿದ್ದೆವು. ಒಂದು ಸಲ ಖುಷಿಯಿಂದ ಹೇಳಿದರು, ಪೆಟ್ರೋಲ್ ಬಂಕಿನಲ್ಲಿ ವಾಸನೆ ಬಂತಂತೆ. "ಬ್ಯಾಡಾದ್ದೇ ಮೊದಲು ಬರ್ತೈತಿ ನೋಡು." ಮಲ್ಲಿಗೆ, ಒಗ್ಗರಣೆ, ಚೀಸ್ ಯಾವುದೂ ಬರಲೇ ಇಲ್ಲ. ನಮ್ಮ ಮಾತು ವಾರಕ್ಕೊಂದಿದ್ದದ್ದು ತಿಂಗಳಿಗೊಂದಾಯಿತು, ಆಮೇಲೆ ಹಬ್ಬಕ್ಕೊಂದು. ನಾವು ಏಪೆಕ್ಸ್ ಎಂಬ ಊರಿಗೆ ಮನೆ ಬದಲಿಸಿದೆವು, ನನಗೆ ಪರ್ಮಿಟ್ ಬಂತು, ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಬಿಡುವಿಲ್ಲ ಎನ್ನುವ ನೆಪವೂ ಸಿಕ್ಕಿತು. ಹೋದ ವರ್ಷ ಚಳಿಗಾಲದಲ್ಲಿ ಸ್ಮಿತಾ ಫೋನ್ ಮಾಡಿದಳು. ಅವಳ ಕನ್ನಡ ಚಿಕ್ಕ ಮಕ್ಕಳ ಕನ್ನಡ. "ಅಕ್ಕಾ, ಅಪ್ಪ ಹೋದ್ರು. ಲಾಸ್ಟ್ ವೀಕ್. ನಿಮ್ಗೆ ಹೇಳು ಅಂತ ಅವ್ರು ಹೇಳಿದ್ರು, ಐ ಫರ್ಗಾಟ್. ಸಾರಿ." ಏನು ಹೇಳಿದ್ದರು ಎಂದು ಕೇಳಿದೆ. "ಮಾರ್ಚಲ್ಲಿ ಕೌಗೆ ಕೊಡ್ಬೇಕು ಅಂತ. ಐ ಡೋಂಟ್ ನೋ ವಾಟ್ ಇಟ್ ಮೀನ್ಸ್." ನನಗೆ ಗೊತ್ತು ಎಂದೆ.

ಅಂಗಡಿಯಲ್ಲಿ ಬೋಳು ಸಿಗುವುದಿಲ್ಲ. ಡೋರಿಸ್‌ಗೆ ಹೇಳಿದೆ. ಅವಳೂ ರಿಟೈರಾಗಿದ್ದಾಳೆ, ಆದರೂ ಯಾರನ್ನೋ ಹಿಡಿದು ಒಂದು ಚೀಲ ಅಂಚೆಯಲ್ಲಿ ಕಳಿಸಿದಳು. ಮಾರ್ಚಿನ ಆ ಬೆಳಿಗ್ಗೆ ಏಪೆಕ್ಸ್‌ನಿಂದ ಹೊರಗೆ ಒಂದು ಹುಲ್ಲುಗಾವಲು ಹುಡುಕಿ, ಅಲ್ಲಿನ ಹೆಂಗಸಿನ ಅಪ್ಪಣೆ ಕೇಳಿ ಬೇಲಿಯ ಬಳಿ ನಿಂತೆ. ಮೊದಲ ಮುಷ್ಟಿ ದನಕ್ಕೆ. ಹಸುವಿನ ನಾಲಿಗೆ ಒರಟಾಗಿ ಬೆಚ್ಚಗೆ ಅಂಗೈಯನ್ನು ನೆಕ್ಕಿತು. ಆ ಕೈಯನ್ನು ಹಣೆಗೆ ಮುಟ್ಟಿಸಿಕೊಂಡೆ.

ಸಂಜೆ ಪೇಪರ್ ಹಾಸಿ, ಅಂಗಡಿಯ ಕರ್ಲ್ಸ್ ಸುರಿದು, ಈರುಳ್ಳಿ ಮೆಣಸಿನಕಾಯಿ ಹೆಚ್ಚಿ, ಹುರಿಗಡಲೆ ಪುಡಿ ಹಾಕಿ ಕಲಸಿದೆ. ಹರೀಶ ಮೇಲೆ ಮೀಟಿಂಗಿನಲ್ಲಿದ್ದ. ಡೆಕ್ಕಿನಲ್ಲಿ ಕೂತು ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಉಪ್ಪು ಒಂದು ಚೂರು ಹೆಚ್ಚಾಗಿತ್ತು. ಎಡಗಣ್ಣು ಸಣ್ಣಗಾದದ್ದು ನನಗೇ ತಿಳಿಯಿತು. ಹುಲ್ಲಿನಾಚೆ ಹೊಸ ನೆರೆಮನೆಯ ಡೆಕ್ಕಿನ ಕಡೆ ನೋಡಿದೆ. ಅಲ್ಲಿ ಯಾರೂ ಇರಲಿಲ್ಲ.